ಮೊಗ್ಗಿನ ಪರದೆ

ಎರಡು ಸಾವಿರದ ಎಂಟನೆಯ ಇಸವಿ, ಜ್ಯೇಷ್ಠ ಮಾಸದ ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಚಾಮರಾಜಪೇಟೆಯ ಒಂದು ವಠಾರದ ಅಂಗಳ. ಹಾಜರಿದ್ದವರು ತೀರಿಕೊಂಡವರ ಹೆಂಡತಿ, ತೀರಿಕೊಂಡವರ ತಮ್ಮ, ಶವವಾಹನದ ಚಾಲಕ ಮತ್ತು ನಾನು. ವಠಾರದ ಉಳಿದವರು ನಲ್ಲಿ ನಿಲ್ಲುವ ಮುಂಚೆ ಕೊಡ ತುಂಬಿಸಿಕೊಳ್ಳುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ಅಲ್ಲಿ ನೀರು ಬರುವುದು ದಿನ ಬಿಟ್ಟು ದಿನ.

ಚಾಲಕ ಹೊತ್ತು ಗೊತ್ತುಮಾಡಿಕೊಳ್ಳಲು ಬಂದಿದ್ದ. ಹನ್ನೊಂದಕ್ಕೆ ಹೊರಡುವುದೆಂದು ತೀರ್ಮಾನವಾಯಿತು. ಹೊರಟವನು ಗೇಟಿನ ಹತ್ತಿರ ನಿಂತು ತಲೆ ಕೆರೆದುಕೊಂಡ.

“ಸಾರ್, ಒಂದ್ ಮಾತು. ನಮ್ ಗಾಡಿಗೆ ಹೂವು ಕಟ್ತಾ ಇದ್ದಿದ್ದು ಇವ್ರೇ. ಇವತ್ತು ಯಾರ್ ಕಟ್ತಾರೆ?”

ತಮ್ಮನವರು ಮುಖ ತಿರುಗಿಸಿಕೊಂಡರು. ಆಕೆ ಕೂತಲ್ಲಿಂದ ಏಳಲಿಲ್ಲ.

“ನಾನು ಕಟ್ತೀನಿ. ನೀನು ಹತ್ತಕ್ಕೇ ಗಾಡಿ ತಂದು ನಿಲ್ಲಿಸು,” ಎಂದೆ.

“ನಿಮಗೆ ಬರತ್ತಾ ಸಾರ್?”

“ಅವರೇ ಹೇಳ್ಕೊಟ್ಟಿದ್ದು.”

ಅವರು ಹೇಳಿಕೊಟ್ಟದ್ದು ನಿಜ. ನನಗೆ ಬರುತ್ತದೆ ಎನ್ನುವುದು ನಿಜವಲ್ಲ.

ನಾನು ಬಸವನಗುಡಿಯ ಒಂದು ಮದುವೆ ಛತ್ರಕ್ಕೆ ಹತ್ತೊಂಬತ್ತು ವರ್ಷ ಮ್ಯಾನೇಜರ್ ಆಗಿದ್ದೆ. ಬೆಳೆದದ್ದು ಗಂಟೆ ಬಾರಿಸುವ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಏಳುವ ಗಂಟೆ, ಐದಕ್ಕೆ ಸ್ನಾನದ ಗಂಟೆ, ಏಳಕ್ಕೆ ಗಂಜಿಯ ಗಂಟೆ. ಆ ಗಂಟೆಗಳು ಇಂದಿಗೂ ನನ್ನೊಳಗೆ ಹೊಡೆದುಕೊಳ್ಳುತ್ತವೆ. ಛತ್ರದ ಬಾಗಿಲಿನಲ್ಲಿ ಹನ್ನೆರಡು ನಿಯಮಗಳ ಒಂದು ಹಲಗೆ ತೂಗುಹಾಕಿಸಿದ್ದೆ. ಕಂಬಕ್ಕೆ ಮೊಳೆ ಹೊಡೆಯಬಾರದು ಎಂಬುದು ನಾಲ್ಕನೆಯದು. ಮಧ್ಯಾಹ್ನ ಮೂರು ಗಂಟೆಗೆ ಅಲಂಕಾರ ಬಿಚ್ಚಿ ಸಭಾಂಗಣ ಖಾಲಿ ಮಾಡಬೇಕು ಎಂಬುದು ಒಂಬತ್ತನೆಯದು. ಆ ಹಲಗೆಯನ್ನು ಮೊದಲಿನಿಂದ ಕೊನೆಯವರೆಗೆ ನಿಂತು ಓದಿದ ಒಬ್ಬನೇ ಮನುಷ್ಯ ಎಂದರೆ ಈ ತೀರಿಕೊಂಡವರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಭುಜಕ್ಕೆ ಗೋಣಿಚೀಲ, ಕಾಲಲ್ಲಿ ಹವಾಯಿ ಚಪ್ಪಲಿ.

“ಮೊಳೆ ನಾನೂ ಹೊಡೆಯಲ್ಲ ಸಾರ್,” ಎಂದರು. “ಆದ್ರೆ ಒಂಬತ್ತನೇದು ಸ್ವಲ್ಪ ಕಟುಕರ ಥರ ಇದೆ.”

“ಮೂರೂವರೆಗೆ ಮುಂದಿನ ಪಾರ್ಟಿ ಬರುತ್ತೆ,” ಎಂದೆ.

“ಬರಲಿ. ಹೂವು ಅವರಿಗೇನು ಮಾಡಿತ್ತು?”

ಅವರು ಮದುವೆ ಮಂಟಪ ಕಟ್ಟುವವರು. ಛತ್ರದಲ್ಲಿ ಎಲ್ಲರೂ ‘ಮಂಟಪದವರು’ ಎಂದೇ ಕರೆಯುತ್ತಿದ್ದರು. ಅಡುಗೆಯವರು, ವಾಲಗದವರು, ಪುರೋಹಿತರು ಮದುವೆಗೆ ಬರುವವರು, ಇವರು ಮಾತ್ರ ಮದುವೆಯ ಹಿಂದಿನ ದಿನ ಖಾಲಿ ಛತ್ರಕ್ಕೆ ಬರುತ್ತಿದ್ದರು. ಅರ್ಧ ಗಂಟೆ ಒಂದು ಕಣ್ಣು ಮುಚ್ಚಿಕೊಂಡು ವೇದಿಕೆಯ ಎದುರು ನಿಲ್ಲುವರು. ಹೆಣ್ಣಿನ ಕಡೆಯವರು ಸೀರೆಯ ಬಣ್ಣ ಹೇಳಲು ಬಂದರೆ, “ಬಣ್ಣ ಆಮೇಲೆ. ಹುಡುಗಿ ಎತ್ತರ ಹೇಳಿ,” ಎನ್ನುವರು. ಒಂದು ದಾರವನ್ನು ಹುಡುಗಿಯ ಎತ್ತರಕ್ಕೆ ಅಳೆದು ಗಂಟು ಹಾಕಿ ಜೇಬಿನಲ್ಲಿಟ್ಟುಕೊಳ್ಳುವರು. ಮಂಟಪದ ಅತಿ ಕೆಳಗಿನ ಹೂವು ಆ ಗಂಟಿನಿಂದ ಸರಿಯಾಗಿ ಒಂದು ಗೇಣು ಮೇಲಿರಬೇಕು. ಹುಡುಗಿ ತಲೆ ಎತ್ತಿದರೆ ಹೂವು ಕಾಣಬೇಕು, ತಲೆಗೆ ತಾಗಬಾರದು. ಹುಡುಗನ ಎತ್ತರ ಯಾಕೆ ಕೇಳುವುದಿಲ್ಲ ಎಂದು ಒಮ್ಮೆ ಕೇಳಿದೆ.

“ಅವನು ಮೇಲೆ ನೋಡಲ್ಲ ಸಾರ್. ವಿಡಿಯೋದವನ್ನ ನೋಡ್ತಾನೆ.”

ಒಂದೇ ಮಂಟಪವನ್ನು ಎರಡು ಸಲ ಕಟ್ಟಿದ್ದನ್ನು ನಾನು ಕಂಡಿಲ್ಲ. ಬಡ ಮೇಷ್ಟ್ರೊಬ್ಬರ ಮಗಳಿಗೆ ಬರೀ ದವನ, ಮರುಗ, ಮಾಚಿಪತ್ರೆಯಲ್ಲಿ ಹಸಿರು ಮಂಟಪ ಕಟ್ಟಿದರು. ಒಂದೂ ಹೂವಿಲ್ಲ. ಬಂದವರು ಮಾತು ಮರೆತು ಮೂಸುತ್ತಾ ನಿಂತರು. ಇನ್ನೊಬ್ಬರಿಗೆ ಬಾಳೆಯ ಮೂತಿಯ ಕೆಂಪು ಎಸಳುಗಳನ್ನು ಬಿಡಿಸಿ, ಒಂದರ ಮೇಲೊಂದು ಹೆಂಚಿನಂತೆ ಜೋಡಿಸಿ ಚಾವಣಿ ಮಾಡಿದರು. ಹೋದ ವಾರದ್ದನ್ನೇ ಮಾಡಿ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: “ಅದು ಆ ಹುಡುಗೀದು.”

ಒದ್ದೆ ಮಾಡಿ ಹೂವು ಸುತ್ತಿಡಲು ಗೋಣಿಚೀಲಗಳನ್ನು ತರಗುಪೇಟೆಯಿಂದ ತರುತ್ತಿದ್ದರು. ಅಂಗಡಿಯವನು ಏನೇ ಹೇಳಲಿ, ಪ್ರತಿ ಚೀಲದೊಳಗೆ ತಲೆ ತೂರಿಸಿ ಮೂಸಿ ನೋಡುವರು. ಅಕ್ಕಿ ಚೀಲ ಆಗಬಹುದು, ಬೇಳೆ ಚೀಲ ಆಗಬಹುದು. “ಮೆಣಸಿನಕಾಯಿ ಚೀಲ ಆದ್ರೆ ಹೂವು ಸೀನುತ್ತೆ,” ಎನ್ನುವರು, ನಗದೆ.

ಒಂದು ಮಧ್ಯಾಹ್ನ ಕೆಲಸವಿಲ್ಲದೆ ನಿಂತಿದ್ದ ನನ್ನನ್ನು ಕೂರಿಸಿ, ಬಾಳೆನಾರು ಕೊಟ್ಟು, ಒಂದು ಮೊಳ ಕಟ್ಟಿಸಿದರು. ನಾನು ಪ್ರತಿ ಗಂಟನ್ನೂ ಕ್ರಮವಾಗಿ, ಒಂದೇ ಅಂತರದಲ್ಲಿ, ಬಿಗಿಯಾಗಿ ಹಾಕಿದೆ. ಎತ್ತಿ ಹಿಡಿದಾಗ ಹೂವಿನ ತಲೆಗಳೆಲ್ಲ ಪಟಪಟ ಉದುರಿದವು.

“ಹೂವಿಗೂ ಕತ್ತಿದೆ ಸಾರ್. ನೀವು ಕಟ್ತಿಲ್ಲ, ಗಲ್ಲಿಗೆ ಹಾಕ್ತಿದೀರಿ.”

ಮೂರು ಗಂಟೆಗೆ ನನ್ನ ಜಾಡಮಾಲಿಗಳು ಮಂಟಪ ಕೀಳುವಾಗ ಅವರು ಇರುತ್ತಿರಲಿಲ್ಲ. ಎರಡೂ ಮುಕ್ಕಾಲಿಗೆ ಎದ್ದು ಮೂಲೆಯ ಹೋಟೆಲಿಗೆ ಕಾಫಿಗೆ ಹೋಗುವರು. ನಾನು ಗಡಿಯಾರ ನೋಡಿ ಸಿಳ್ಳೆ ಊದುವೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ತಿಪ್ಪೆಗೆ. ಅವರು ಮರಳಿ ಬಂದು ಖಾಲಿ ಕಂಬಗಳನ್ನು ಒಂದು ಸಲ ನೋಡಿ, ಗೋಣಿ ಮಡಿಸಿಕೊಂಡು ಹೋಗುವರು. ಹನ್ನೊಂದು ವರ್ಷ ಹೀಗೇ ನಡೆಯಿತು. ಅವರ ಬಳಿ ತಮ್ಮ ಒಂದು ಮಂಟಪದ ಫೋಟೋ ಕೂಡ ಇರಲಿಲ್ಲ. ಒಮ್ಮೆ ಮದುವೆಯವರನ್ನು ಕೇಳಿ ತರಿಸಿಕೊಂಡ ಫೋಟೋದಲ್ಲೂ ಗಂಡು ಹೆಣ್ಣು ಎದೆಮಟ್ಟ ಇದ್ದರು, ಹಿಂದೆ ಮಸುಕಾದ ಏನೋ ಬೆಳ್ಳಗಿತ್ತು.

ಈಗ ಮೊಗ್ಗಿನ ವಿಷಯ.

ಮಲ್ಲಿಗೆಯನ್ನು ಬೆಳಿಗ್ಗೆ ಮೊಗ್ಗಿರುವಾಗ ಕೊಯ್ಯುತ್ತಾರೆ, ಅದು ಅಂದೇ ಸಂಜೆ ಅರಳುತ್ತದೆ. ಇದು ಎಲ್ಲ ಹೆಂಗಸರಿಗೂ ಗೊತ್ತು. ಅವರಿಗೆ ಗೊತ್ತಿದ್ದದ್ದು ಎಷ್ಟು ಗಂಟೆಗೆ ಎಂಬುದು. ಸಿಟಿ ಮಾರ್ಕೆಟ್ಟಿನಲ್ಲಿ ಮೊಗ್ಗನ್ನು ಬೆರಳ ನಡುವೆ ಹೊರಳಿಸಿ, “ಇದು ಆರೂವರೆ. ಇದು ಏಳು. ಇದು ಎಳೇದು, ನಾಳೆಗೂ ಇಲ್ಲ,” ಎಂದು ಬೇರೆ ಬೇರೆ ಮಾಡುವರು. ಏಳರವನ್ನು ಮಾತ್ರ ಪೋಣಿಸಿ ವೇದಿಕೆಯ ತುಂಬ ಪರದೆ ಇಳಿಬಿಡುವರು. ನಾಲ್ಕು ಗಂಟೆಗೆ ನೋಡಿದರೆ ಅಕ್ಕಿಕಾಳು ನೇತುಹಾಕಿದಂತೆ ಬಡವಾಗಿ ಕಾಣುವುದು. ಏಳಕ್ಕೆ ಆರತಕ್ಷತೆಗೆಂದು ಹುಡುಗಿ ಮೆಟ್ಟಿಲು ಹತ್ತುವಾಗ ಇಡೀ ಪರದೆ ಒಟ್ಟಿಗೆ ಕಣ್ಣುಬಿಡುವುದು.

ನಾನು ಅದನ್ನು ನಾಲ್ಕು ಸಲ ನೋಡಿದ್ದೇನೆ. ಮೊದಲ ಸಲ ನಾದಸ್ವರದವರು ಊದುತ್ತಿದ್ದವರು ನಿಲ್ಲಿಸಿ ತಿರುಗಿ ನೋಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರ ಮೇಲಿನ ಚಾಡಿಯನ್ನು ಅರ್ಧಕ್ಕೇ ಬಿಟ್ಟರು. ಅಂಥ ದಿನ ಮಾತ್ರ ಅವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಏಳು ಕಳೆದ ಮೇಲೆ ಬಂದು ಹಿಂದಿನ ಕಂಬದ ಬಳಿ ನಿಲ್ಲುತ್ತಿದ್ದರು. ತಮ್ಮ ಕೆಲಸವನ್ನು ಜನರ ನಡುವೆ ನಿಂತು ನೋಡುತ್ತಿದ್ದದ್ದು ಆ ನಾಲ್ಕು ದಿನ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಮಿಟಿ ಛತ್ರಕ್ಕೆ ಏಸಿ ಹಾಕಿಸಿತು. ಅದರ ಜೊತೆಗೇ ಅಲಂಕಾರವನ್ನು ಒಂದು ಕಂಪನಿಗೆ ಕೊಡುವ ಮಾತು ಬಂತು. ಅವರದು ಬಟ್ಟೆಯ ಹೂವು, ಥರ್ಮಾಕೋಲಿನ ಕಂಬ. “ಒಗೆದು ಮತ್ತೆ ಹಾಕಬಹುದು ಕಣ್ರೀ,” ಎಂದು ಅಧ್ಯಕ್ಷರು ಸಭೆಯಲ್ಲಿ ಎರಡು ಸಲ ಹೇಳಿದರು. ಕೊನೆಗೆ ಆದ ತೀರ್ಮಾನ ಇದು: ಅಧ್ಯಕ್ಷರ ಅಣ್ಣನ ಮಗಳ ಆರತಕ್ಷತೆ ನಮ್ಮಲ್ಲೇ, ಅದನ್ನು ಮಂಟಪದವರು ಮಾಡಲಿ. ಮೆಚ್ಚಿಗೆಯಾದರೆ ಅವರೇ ಮುಂದುವರಿಯಲಿ, ಇಲ್ಲದಿದ್ದರೆ ಕಂಪನಿ. ಇದನ್ನು ಅವರಿಗೆ ತಿಳಿಸಿದವನು ನಾನು.

“ಹಾಗಾದ್ರೆ ಮೊಗ್ಗಿನ ಪರದೆ,” ಎಂದರು, ಯೋಚನೆ ಮಾಡದೆ.

ಅಂದು ಮೂರು ಗಂಟೆಗೆ ಪರದೆ ಮುಗಿಯಿತು. ಏಣಿಯಿಂದ ಇಳಿದು ಕೇಳಿದರು, “ಸಾರ್, ಈ ತಣ್ಣನೆ ಮಿಷನ್ನು ಎಷ್ಟೊತ್ತಿಗೆ ಹಾಕ್ತೀರಿ?”

“ಏಳಕ್ಕೆ. ಜನ ಬಂದ್ಮೇಲೆ.”

“ಏಳಾದ್ರೆ ಒಳ್ಳೇದೇ. ಅರಳಿದ್ ಹೂವಿಗೆ ತಂಪು ಹಿತ. ಅದಕ್ ಮುಂಚೆ ಮಾತ್ರ ಬೇಡ. ಚಳಿಗೆ ಮೊಗ್ಗು ಬಾಯೇ ಬಿಡಲ್ಲ.”

“ಆಯ್ತು.”

ಅವರು ಮನೆಗೆ ಹೋದರು. ನಾನು ಸಭಾಂಗಣಕ್ಕೆ ಬೀಗ ಹಾಕಿದೆ. ನಾಲ್ಕಕ್ಕೆ ಸ್ವಿಚ್ಚುಗಳನ್ನು ಪರೀಕ್ಷಿಸುವುದು ನನ್ನ ಕ್ರಮ. ಸ್ವಿಚ್‌ಬೋರ್ಡಿನ ಪಕ್ಕ ಏಸಿಯವರು ಒಂದು ಹಾಳೆ ಅಂಟಿಸಿ ಹೋಗಿದ್ದರು. ಸಮಾರಂಭಕ್ಕೆ ಮೂರು ಗಂಟೆ ಮೊದಲು ಚಾಲೂ ಮಾಡಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಅಧ್ಯಕ್ಷರ ಸಹಿ. ನಾನು ಓದಿದೆ, ಗಡಿಯಾರ ನೋಡಿದೆ, ಚಾಲೂ ಮಾಡಿದೆ.

ಕೊಟ್ಟ ಮಾತು ನೆನಪಿರಲಿಲ್ಲವೇ ಎಂದರೆ, ನೆನಪಿತ್ತು. ಹಾಳೆ ಗೋಡೆಯ ಮೇಲಿತ್ತು, ಮಾತು ಗೋಡೆಯ ಮೇಲಿರಲಿಲ್ಲ. ನನ್ನಂಥವರು ಮಾಡುವ ತಪ್ಪು ಇದೇ.

ಏಳಕ್ಕೆ ಹುಡುಗಿ ಮೆಟ್ಟಿಲು ಹತ್ತಿದಳು. ಪರದೆ ಅಕ್ಕಿಕಾಳಿನಂತೆಯೇ ಇತ್ತು. ಏಳೂಕಾಲಾಯಿತು. ವಾಸನೆಯೂ ಇಲ್ಲ.

“ಏನ್ರೀ ಇದು, ಹೂವು ತರೋದು ಮರೆತ್ರಾ?” ಎಂದು ಒಬ್ಬ ಹೆಂಗಸು ಕೇಳಿದರು. “ಸಗಟಿಗೆ ಹಸಿ ಮಾಲು ಎತ್ಕೊಂಡ್ ಬಂದಿದಾನೆ,” ಎಂದು ಇನ್ನೊಬ್ಬರು. ಅಧ್ಯಕ್ಷರು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಮಂಟಪದವರು ಇಸ್ತ್ರಿ ಅಂಗಿಯಲ್ಲಿ ಬಂದರು. ಹಿಂದಿನ ಕಂಬದ ಬಳಿ ನಿಲ್ಲದೆ, ಜನರ ನಡುವೆಯೇ ನಡೆದು ವೇದಿಕೆಯ ಬದಿಗೆ ಹೋದರು. ಒಂದು ಮೊಗ್ಗು ಕಿತ್ತು ಬೆರಳ ನಡುವೆ ಹೊರಳಿಸಿದರು. ಅಧ್ಯಕ್ಷರು ಮತ್ತು ನಾನು ಅಲ್ಲೇ ಇದ್ದೆವು. ಅವರು ನನ್ನನ್ನು ಕೇಳಿದರು:

“ಸಾರ್, ಏಳಕ್ಕೇ ತಾನೆ ಹಾಕಿದ್ದು?”

ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಾನು “ಏಳಕ್ಕೆ” ಎಂದೆ.

ನಾಲ್ಕಕ್ಕೆ ಹಾಕಿದ್ದು ಹಾಳೆಯ ಪ್ರಕಾರ ಸರಿಯಾಗಿಯೇ ಇತ್ತು. ಹಾಗೆಂದಿದ್ದರೆ ಅಧ್ಯಕ್ಷರು ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಆದರೆ ಆಗ ಮಂಟಪದವರು ನನ್ನನ್ನು ಮಾತು ಕೊಟ್ಟು ಮುರಿದವನೆಂದು ನೋಡುತ್ತಿದ್ದರು. ಆ ನೋಟವೊಂದನ್ನು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದೆ.

ಅವರು ತಲೆಯಾಡಿಸಿದರು. “ಹಾಗಾದ್ರೆ ಮೊಗ್ಗು ಎಳೇದು. ನನ್ ಕಣ್ಣು ತಪ್ತು.” ಮೊಗ್ಗನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಸಭಾಂಗಣದ ಬೀಗ ತೆಗೆದೆ. ಏಸಿ ಆರಿಸಿ ಏಳು ತಾಸು ಕಳೆದಿತ್ತು. ಬಾಗಿಲು ತೆರೆಯುತ್ತಲೇ ವಾಸನೆ ಮುಖಕ್ಕೆ ಬಡಿಯಿತು. ಪರದೆ ಪೂರ್ತಿ ಅರಳಿತ್ತು. ಒಂದು ಮೊಗ್ಗೂ ಉಳಿದಿರಲಿಲ್ಲ. ಖಾಲಿ ಕುರ್ಚಿಗಳ ಎದುರು ಆ ಬಿಳುಪು ನಿಂತಿತ್ತು, ನೋಡಲು ನಾನೊಬ್ಬ.

ಅವರ ಮನೆ ಅಲ್ಲಿಂದ ನಡೆದರೆ ಇಪ್ಪತ್ತೈದು ನಿಮಿಷ. ಯಾರನ್ನಾದರೂ ಕಳಿಸಿ ಕರೆಸಬಹುದಿತ್ತು. ಆ ದಿನದ ಪಾರ್ಟಿ ಬರುವುದಕ್ಕೂ ಇನ್ನೂ ಹೊತ್ತಿತ್ತು. ನಾನು ಸಿಳ್ಳೆ ಊದಿದೆ. ಆರಕ್ಕೆ ಮುಂಚೆ ಎಲ್ಲ ತಿಪ್ಪೆಯಲ್ಲಿತ್ತು. ಏಳಕ್ಕೆ ಅವರು ಗೋಣಿ ತೆಗೆದುಕೊಂಡು ಹೋಗಲು ಬಂದಾಗ ತೊಳೆದ ಕಂಬಗಳಿದ್ದವು. “ಬೇಗ ಬಿಚ್ಚಿಸಿದ್ರಿ,” ಎಂದರು. “ಒಂಬತ್ತನೇ ನಿಯಮ,” ಎಂದೆ. ಇಬ್ಬರೂ ನಗಲಿಲ್ಲ.

ಕಂಪನಿ ಬಂತು. ಬಟ್ಟೆಯ ಹೂವು ಬಂತು. ಮಂಟಪದವರು ಬೇರೆ ಛತ್ರಗಳಲ್ಲಿ ಕೆಲಸ ಹಿಡಿಯಬಹುದಿತ್ತು. ಮಲ್ಲೇಶ್ವರದಿಂದ ಇಬ್ಬರು ಮನೆಗೇ ಬಂದು ಕರೆದಿದ್ದರಂತೆ. ಹೋಗಲಿಲ್ಲ. ಹಳದಿ ಸೇವಂತಿಗೆ, ಚೆಂಡುಹೂವು, ಆಗಲೇ ಅರಳಿದ್ದು ಯಾವುದಿದೆಯೋ ಅದನ್ನು ಮಾತ್ರ ಕಟ್ಟುವ ಕೆಲಸ ಹುಡುಕಿಕೊಂಡರು. ಅದು ಸಿಕ್ಕಿದ್ದು ಶವವಾಹನದಲ್ಲಿ. ದಿನಕ್ಕೆ ಎರಡು ಮೂರು ಗಾಡಿ, ಎಲ್ಲಕ್ಕೂ ಒಂದೇ ರೀತಿ. ಎರಡು ಮಂಟಪ ಒಂದೇ ಥರ ಮಾಡದ ಮನುಷ್ಯ.

ನಾನು ನಿವೃತ್ತನಾದ ಮೇಲೆ ತಿಂಗಳ ಮೊದಲ ಭಾನುವಾರ ನಾಲ್ಕು ಗಂಟೆಗೆ ಅವರ ಮನೆಗೆ ಹೋಗುತ್ತಿದ್ದೆ. ಹೇಳಬೇಕಾದ ವಾಕ್ಯವನ್ನು ದಾರಿಯಲ್ಲಿ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಕಾಫಿ ಬರುತ್ತಿತ್ತು, ಕುಡಿಯುತ್ತಿದ್ದೆ, ಐದಕ್ಕೆ ಏಳುತ್ತಿದ್ದೆ. ಗಾಡಿಯ ಕೆಲಸ ಹೇಗಿದೆ ಎಂದು ಒಮ್ಮೆ ಕೇಳಿದೆ.

“ಸಲೀಸು ಸಾರ್. ಅಲ್ಲಿ ಹೂವು ಅರಳಲಿ ಅಂತ ಯಾರೂ ಕಾಯಲ್ಲ.”

ಹೋದ ಭಾನುವಾರವೂ ಹೋಗಿದ್ದೆ. ಜ್ವರವಿತ್ತು, ಮಲಗಿದ್ದರು. ಜ್ವರದವರಿಗೆ ಈಗ ಯಾಕೆ, ಗುಣವಾಗಲಿ ಎಂದುಕೊಂಡು ಬಂದೆ.

ಇವತ್ತು ಎಂಟಕ್ಕೆ ನಡೆದೇ ಮಾರ್ಕೆಟ್ಟಿಗೆ ಹೋದೆ. ಸೇವಂತಿಗೆ ಕೊಳ್ಳಲು ಹೋದವನು ಮಲ್ಲಿಗೆ ಮೊಗ್ಗು ಕೊಂಡೆ. ಯಾವುದು ಆರೂವರೆಯದು, ಯಾವುದು ಏಳರದು, ನನಗೆ ಗೊತ್ತಾಗಲಿಲ್ಲ. ಒಂಬತ್ತಕ್ಕೆ ವಾಪಸು ಬಂದು, ಅಂಗಳದಲ್ಲಿ ಒದ್ದೆ ಗೋಣಿ ಹಾಸಿ ಕಟ್ಟಲು ಕೂತೆ. ಅದೂ ಅವರದೇ ಗೋಣಿ. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಬಂದು ಎದುರಿಗೆ ಕೂತು ನಾರು ಸೀಳತೊಡಗಿದರು. ಇಪ್ಪತ್ತು ಗಂಟು ಹಾಕಿದೆ. ಆಮೇಲೆ ನಾನು ಹೇಳಿದೆ. ನಾಲ್ಕು ಗಂಟೆ, ಹಾಳೆ, ಏಳಕ್ಕೆ ಎಂದ ಸುಳ್ಳು. ಸಿದ್ಧ ಮಾಡಿಕೊಂಡಿದ್ದ ವಾಕ್ಯ ಯಾವುದೂ ಬರಲಿಲ್ಲ, ಹೇಗೋ ಹೇಳಿದೆ.

ಆಕೆ ನಾರು ಸೀಳುವುದನ್ನು ನಿಲ್ಲಿಸಿದರು.

“ಅರಳಿತ್ತಾ?”

“ಬೆಳಿಗ್ಗೆ ಅರಳಿತ್ತು.”

“ಅಷ್ಟೂನಾ?”

“ಅಷ್ಟೂ.”

ಸೀಳಿದ್ದ ನಾರನ್ನು ಮಡಿಲಿನಲ್ಲಿಟ್ಟುಕೊಂಡರು. “ಏಳು ವರ್ಷ,” ಎಂದರು. “ಮನೆ ಮುಂದೆ ಹೂವಿನೋಳು ಬಂದ್ರೆ ಒಂದು ಮೊಗ್ಗು ತಗೊಂಡು ನನ್ ಕೈಗೆ ಕೊಡೋರು. ನೀನ್ ನೋಡಿ ಹೇಳು, ಇದು ಎಷ್ಟೊತ್ತಿಗೆ ಅರಳುತ್ತೆ, ನನ್ ಕಣ್ಣು ಹೋಗಿದೆ ಅಂತ. ನಂಗೇನ್ ಗೊತ್ತು? ಬಾಯಿಗ್ ಬಂದಿದ್ದು ಹೇಳೋಳು. ಸರಿ ಅನ್ನೋರು. ನಾನ್ ಹೇಳಿದ್ದನ್ನ ನಂಬೋರು ರೀ. ಅವರು.”

ನಾನು ಇನ್ನೊಂದು ಮೊಗ್ಗು ಎತ್ತಿಕೊಂಡೆ.

“ಭಾನುವಾರ ಬಂದಿದ್ರಲ್ಲ. ಎಚ್ಚರ ಇತ್ತಲ್ಲ ಅವರಿಗೆ.”

“ಇತ್ತು.”

“ಮತ್ತೆ ಇವತ್ತು ಯಾಕ್ ಹೇಳಿದ್ರಿ ನಂಗೆ? ನಿಮಗೆ ಹಗುರ ಆಗ್ಲಿ ಅಂತಾನಾ?”

ಇಲ್ಲ ಎನ್ನಲಾಗಲಿಲ್ಲ. ಆಕೆ ನನ್ನ ಕೈಯಲ್ಲಿದ್ದ ಎಳೆಯನ್ನು ನೋಡಿದರು. ಕೆಳಗೆ ಏಳೆಂಟು ಮೊಗ್ಗಿನ ತಲೆಗಳು ಬಿದ್ದಿದ್ದವು.

“ಸಡಿಲ ಬಿಡಿ,” ಎಂದರು. “ಗಾಡಿ ಬರೋ ಹೊತ್ತಾಯ್ತು.”

ಹತ್ತಕ್ಕೆ ಗಾಡಿ ಬಂತು. ಹನ್ನೊಂದಕ್ಕೆ ಹೊರಟಿತು. ಮುಂದಿನ ಗಾಜಿನ ಮೇಲೆ, ಎರಡು ಬದಿಗೆ, ಮೊಗ್ಗಿನ ಎಳೆಗಳನ್ನು ಇಳಿಬಿಟ್ಟಿದ್ದೆ. ಅಂತರ ಸರಿಯಿರಲಿಲ್ಲ. ಆಕೆ ಗೇಟಿನವರೆಗೆ ಬಂದು ನಿಂತರು. ತಮ್ಮ ಮತ್ತು ನಾನು ಗಾಡಿಯಲ್ಲಿ ಹೋದೆವು. ಚಿತಾಗಾರದಲ್ಲಿ ನಮ್ಮದು ಮೂರನೆಯ ಸರದಿ. ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು.

ಬೂದಿ ಪಡೆಯುವ ಚೀಟಿ ಬರೆಸಲು ತಮ್ಮನವರು ಒಳಗೆ ಹೋಗಿದ್ದರು. ಚಾಲಕ ನನ್ನ ಹತ್ತಿರ ಬಂದ.

“ಸಾರ್, ಬೇಜಾರ್ ಮಾಡ್ಕೋಬೇಡಿ. ಮೂರಕ್ಕೆ ಇನ್ನೊಂದು ಟ್ರಿಪ್ ಇದೆ. ಹೂವು ಬಿಚ್ಚಬೇಕಿತ್ತು. ಅವರಾಗಿದ್ರೆ ಅವರೇ ಬಿಚ್ಚಿ ಕೊಡೋರು.”

“ಅವರೇ ಬಿಚ್ತಿದ್ರಾ?”

“ಹೂಂ ಸಾರ್. ಯಾರನ್ನೂ ಮುಟ್ಟೋಕ್ ಬಿಡ್ತಿರ್ಲಿಲ್ಲ.”

ನಾನು ಗಡಿಯಾರ ನೋಡಿದೆ. ಎರಡೂ ಇಪ್ಪತ್ತು. ಮುಂದಿನ ಗಾಜಿನಿಂದ ಶುರುಮಾಡಿದೆ. ಎಳೆಗಳನ್ನು ಕಿತ್ತೆಳೆಯಲಿಲ್ಲ, ಒಂದೊಂದೇ ಗಂಟು ಬಿಚ್ಚಿದೆ. ನಾನೇ ಬಿಗಿಯಾಗಿ ಹಾಕಿದ್ದ ಗಂಟುಗಳು, ಉಗುರು ಹೋಗುತ್ತಿರಲಿಲ್ಲ. ಮೊಗ್ಗುಗಳು ಇನ್ನೂ ಮುಚ್ಚಿಯೇ ಇದ್ದವು. ಅರಳಲು ನಾಲ್ಕು ಗಂಟೆಗಳ ಮೇಲೆ ಹೊತ್ತಿತ್ತು. ಗೋಡೆಯ ಪಕ್ಕ ಹೂವು ಹಾಕಲೆಂದೇ ಒಂದು ಸಿಮೆಂಟಿನ ತೊಟ್ಟಿ ಇದೆ. ಬೆಳಗಿನಿಂದ ಬಂದ ಸೇವಂತಿಗೆ, ಗುಲಾಬಿ ಅದರಲ್ಲಿ ಆಗಲೇ ಅರ್ಧ ತುಂಬಿತ್ತು. ಅದರ ಮೇಲೆ ಹಾಕಿದೆ. ಗಾಡಿಯೊಳಗೆ ಉದುರಿದ್ದನ್ನು ಕೈಯಲ್ಲಿ ಬಳಿದು ಅದನ್ನೂ ಹಾಕಿದೆ. ಚಾಲಕ ಕೊಟ್ಟ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದೆ.

ಎರಡು ಐವತ್ತೈದಕ್ಕೆ ಗಾಡಿ ಖಾಲಿ ಮಾಡಿ ಅವನಿಗೆ ಒಪ್ಪಿಸಿದೆ.